ಹಿತ್ತಿಲ ಅವರೆ

‘ಹಿತ್ತಿಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಣ್ಣೆದುರಿಗಿರುವ ವಸ್ತುವಿನ ಬೆಲೆ ಮನೆಯವರಿಗೇ ತಿಳಿಯದೆಂಬುದು ಅದರ ಇಂಗಿತ. ಈಚೆಗಂತೂ ನಮ್ಮ ಊರಿನಲ್ಲಿ ಗಿಡದ ಮಾತು ಹಾಗಿರಲಿ, ಹಿತ್ತಿಲೇ ದುರ್ಲಭವಾಗಿದೆ. ಆದುದರಿಂದ ಅಂಗೈಯಗಲದ ಹಿತ್ತಿಲೊಂದನ್ನು ಇನ್ನೂ ಉಳಿಸಿಕೊಂಡಿರುವ ನಾನು ಅದರ ವಿಷಯವಾಗಿ ನಾಲ್ಕು ಮಾತು ಬರೆದರೆ ಕೆಲವರಿಗೆ ಅದು ಜಂಭವಾಗಿ ಕಂಡೀತು. ಆದರೆ ನಾನು ಹೇಳಹೊರಟಿರುವುದು ಜಂಭದ ವೃತ್ತಾಂತವಲ್ಲ. ಒಂದು ವರ್ಷ ನಾನು ಮಾಡಿದ ತಪ್ಪಿನ ವೃತ್ತಾಂತ.

ನಮ್ಮ ಮನೆಯಿರುವುದು ಶಿವಾಜಿನಗರದಲ್ಲಿ, 1933ರಲ್ಲಿ ತೆರೆದ ರಸೆಲ್ ಮಾರುಕಟ್ಟೆಗೆ ಕೂಗಳತೆಯಲ್ಲಿರುವ ಒಂದು ಓಣಿಯಲ್ಲಿ. ಈ ಪ್ರದೇಶವನ್ನು ಹಿಂದೆ ಬ್ಲಾಕ್‌ಪಳ್ಳಿ ಎಂದು ಕರೆಯುತ್ತಿದ್ದರು. 1809ರ ಸುಮಾರಿಗೆ ಇಂಗ್ಲಿಷರ ದಂಡು ಇತ್ತ ಬಂದು ನೆಲಸಿದ ಮೇಲೆ ಅದಕ್ಕೆ ಬೇಕಾದ ಸಾಮಗ್ರಿಗಳನ್ನೊದಗಿಸುತ್ತ ಹಲವು ಸೀಮೆಗಳ ಜನರು ಇಲ್ಲಿ ಬಂದು ಕೂಡಿದರು. 1947ರಲ್ಲಿ ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಪೇಟೆಯೊಡನೆ ಸೇರಿ ಎರಡಕ್ಕೂ ಒಂದೇ ನಗರಸಭೆಯಾಯಿತು. ಆಡಳಿತವೇನೋ ಒಂದಾಯಿತು, ಓಣಿಯ ಮಾತು ಮಾತ್ರ ಇಂದಿಗೂ ಹಲವು. ನಮ್ಮ ಬಲಮನೆಯಲ್ಲಿ ದಖನಿ ಉರ್ದು, ಎಡಮನೆಯಲ್ಲಿ ತಮಿಳು, ಎದುರುಮನೆಯಲ್ಲಿ ತೆಲುಗು, ನಮ್ಮಲ್ಲಿ ಕನ್ನಡ. ಜಗಳವಾಡುವಾಗ ಯಾರು ಯಾವ ಭಾಷೆಯನ್ನು ಬಳಸುವರೆಂಬುದು ಆಯಾ ದಿನದ ಕೋಪವನ್ನು ಅವಲಂಬಿಸಿರುತ್ತದೆ.

ಹಿತ್ತಿಲಿನ ಉದ್ದ 22 ಅಡಿ, ಅಗಲ 13 ಅಡಿ. ಮೂರು ಕಡೆ ಗೋಡೆ, ಒಂದು ಕಡೆ ಬಚ್ಚಲು. ಮಣ್ಣು ಈ ಸೀಮೆಯ ಕೆಂಪು ಮಣ್ಣು. ಇಷ್ಟರಲ್ಲೇ ನನ್ನ ತಾಯಿ ಅರುವತ್ತು ವರ್ಷ ತೋಟ ಮಾಡಿದರು. ಅವರು ಹೊಸಕೋಟೆಯ ಕಡೆಯ ಒಕ್ಕಲು ಮನೆಯಿಂದ ಬಂದವರು. ಪಟ್ಟಣದ ಸೊಸೆಯಾದ ಮೇಲೂ ಅವರ ಪಂಚಾಂಗ ಹೊಲದ ಪಂಚಾಂಗವಾಗಿಯೇ ಉಳಿಯಿತು. ತಿಂಗಳುಗಳನ್ನು ಅವರು ಹೆಸರಿಸುತ್ತಿದ್ದುದು ಅಪರೂಪ, ಮಳೆಗಳನ್ನು ಹೆಸರಿಸುತ್ತಿದ್ದರು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 38 ಅಂಗುಲ. ಇದು ಒಂದೇ ಉಸಿರಿಗೆ ಸುರಿದು ಮುಗಿಯುವುದಿಲ್ಲ. ಏಪ್ರಿಲ್ ಕೊನೆಯ ಭರಣಿಯಿಂದ ನವೆಂಬರಿನ ವಿಶಾಖೆಯವರೆಗೆ ಬಿಟ್ಟು ಬಿಟ್ಟು ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಸೆಪ್ಟೆಂಬರಿನಲ್ಲಿ. ಮನೆಯ ತೋಟಕ್ಕೆ ಇದಕ್ಕಿಂತ ಅನುಕೂಲವಾದ ಮಳೆಯನ್ನು ಬೇಡಿಕೊಳ್ಳುವುದೂ ಕಷ್ಟ. ಭರಣಿಗೆ ಮಣ್ಣು ಅಗೆದು, ಒಲೆಯ ಬೂದಿಯನ್ನೂ ಕೊಳೆಸಿದ ಸೊಪ್ಪುಸದೆಯನ್ನೂ ಸೇರಿಸುವುದು. ರೋಹಿಣಿಗೆ ಹೀರೆ, ಪಡವಲ, ಬೂದುಗುಂಬಳಗಳ ಬೀಜವನ್ನು ಊರುವುದು. ಸಂದುಗೊಂದುಗಳಲ್ಲಿ ದಂಟು, ಹರಿವೆ. ಬಚ್ಚಲ ನೀರು ಹರಿಯುವಲ್ಲಿ ಒಂದು ಸೀಮೆಬದನೆಯ ಬಳ್ಳಿ. ಇದರ ಬೀಜವನ್ನು ಬೇರ್ಪಡಿಸಿ ನೆಡುವಂತಿಲ್ಲ. ಕಾಯಿಗೆ ಒಂದೇ ಬೀಜ, ಅದು ಕಾಯಿಯೊಳಗೇ ಮೊಳೆಯುವುದರಿಂದ ಇಡೀ ಕಾಯನ್ನೇ ಹೂಳಬೇಕು. ಮೆಕ್ಸಿಕೋ ದೇಶದ ಕಡೆಯಿಂದ ಬಂದ ಈ ತರಕಾರಿಯನ್ನು ನಾವು ‘ಸೀಮೆ’ಯದೆಂದು ಕರೆದರೆ, ಎಡಮನೆಯವರು ಅವರ ಭಾಷೆಯ ರೂಢಿಯಂತೆ ‘ಬೆಂಗಳೂರು ಕತ್ತರಿಕಾಯ್’ ಎನ್ನುತ್ತಾರೆ. ನಾವು ಪರದೇಶಿಯೆಂದದ್ದನ್ನು ನೆರೆಯವರು ನಮ್ಮ ಊರಿನ ಹೆಸರಿಗೇ ಬರೆದುಕೊಟ್ಟಿದ್ದಾರೆ.

ಬೆಳೆದದ್ದರಲ್ಲಿ ಏನನ್ನೂ ಕೆಡಿಸಬಾರದೆಂಬುದು ತಾಯಿಯವರ ವ್ರತವಾಗಿತ್ತು. ಹೀರೆಯ ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ. ಬಲಿತು ಒಣಗಿದ ಕಾಯಿಯ ನಾರು ಪಾತ್ರೆಯುಜ್ಜುವುದಕ್ಕೆ. ಮೈಮೇಲೆ ಬೂದಿ ಕಟ್ಟಿದ ಕುಂಬಳಕಾಯಿಗಳನ್ನು ನಡುಮನೆಯ ತೊಲೆಗೆ ತೂಗುಹಾಕಿದರೆ ಬೇಸಗೆಯವರೆಗೆ ಕೆಡುತ್ತಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಅವೇ ಮಾಳಿಗೆಯ ಮೇಲೆ ಸಂಡಿಗೆಯಾಗುತ್ತಿದ್ದವು. ದಪ್ಪ ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದು, ಒಣಗಿ, ಬಾಳಕವಾಗುತ್ತಿತ್ತು. ನಿಂಬೆ ಉಪ್ಪಿನ ಜಾಡಿಗಿಳಿಯುತ್ತಿತ್ತು. ಹೀಗೆ ಒಂದು ಋತುವಿನ ಸಮೃದ್ಧಿ ಇನ್ನೊಂದರ ಬಡತನವನ್ನು ಕಾಯುತ್ತಿತ್ತು.

ಇವೆಲ್ಲಕ್ಕೂ ಅರಸನಾದದ್ದು ಅವರೆ. ಅದು ಪಟ್ಟಣದ ಮನೆಗಳಲ್ಲಿ ಸಾಮಾನ್ಯವಾಗಿ ಬೆಳೆಸುವ, ಕಾಯನ್ನು ಸಿಪ್ಪೆಸಹಿತ ಹೆಚ್ಚಿ ಬೇಯಿಸುವ ಚಪ್ಪರದವರೆಯಲ್ಲ. ತಾಯಿ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು ಹೊಲದ ಅವರೆ; ರಾಗಿಯ ಸಾಲುಗಳ ನಡುವೆ ಹಬ್ಬುವ ಜಾತಿ. ಹಿತ್ತಿಲಿನಲ್ಲಿ ರಾಗಿಯಿಲ್ಲದ ಕಾರಣ ಗೋಡೆಯುದ್ದಕ್ಕೂ ಸರ್ವೆಯ ಗಳು ನೆಟ್ಟು, ಹಗ್ಗ ಕಟ್ಟಿ, ಅದನ್ನು ಮೇಲಕ್ಕೆ ಹಬ್ಬಿಸುತ್ತಿದ್ದರು. ಮೃಗಶಿರೆಯಲ್ಲಿ ಬಿತ್ತನೆ. ಆಮೇಲೆ ನಾಲ್ಕು ತಿಂಗಳು ಬರಿಯ ಎಲೆ. ಸೆಪ್ಟೆಂಬರ್ 8ರಂದು ಸೇಂಟ್ ಮೇರಿ ಬೆಸಿಲಿಕಾದ ಹಬ್ಬಕ್ಕೆ ಜನಸಾಗರ ನೆರೆದು, ಎಡಮನೆಯವರು ನೆಂಟರಿಷ್ಟರ ಸಂಭ್ರಮದಲ್ಲಿರುವಾಗಲೂ ನಮ್ಮ ಅವರೆಯಲ್ಲಿ ಒಂದು ಮೊಗ್ಗೂ ಕಾಣುತ್ತಿರಲಿಲ್ಲ. ಹುಡುಗರಾಗಿದ್ದಾಗ ನಮಗೆ ಇದು ಸೋಮಾರಿ ಬಳ್ಳಿಯೆಂದು ತೋರುತ್ತಿತ್ತು. ಅದರ ಗುಟ್ಟು ಬಹುಕಾಲದ ಮೇಲೆ ತಿಳಿಯಿತು. ಹಳೆಯ ಜಾತಿಯ ಅವರೆ ದಿನಗಳನ್ನೆಣಿಸುವುದಿಲ್ಲ, ಹಗಲನ್ನು ಅಳೆಯುತ್ತದೆ. ಹಗಲು ಕಿರಿದಾಗಿ ಇರುಳು ಸಾಕಷ್ಟು ದೀರ್ಘವಾಗುವವರೆಗೆ ಅದು ಹೂ ಬಿಡದು. ಮೊದಲೇ ಬಿತ್ತಿದರೆ ಬಳ್ಳಿ ಹೆಚ್ಚುವುದೇ ಹೊರತು ಹೂ ಮುಂಚೆ ಬಾರದು. ಬೀದಿದೀಪದ ಬೆಳಕು ಬೀಳುವ ಮೂಲೆಯ ಬಳ್ಳಿಗಳು ಉಳಿದವಕ್ಕಿಂತ ಹದಿನೈದು ದಿನ ತಡವಾಗಿ ಹೂ ಬಿಡುವುದನ್ನು ನಾನೇ ಕಂಡಿದ್ದೇನೆ.

ಸ್ವಾತಿ ಮಳೆಯ ಹೊತ್ತಿಗೆ ಹೂ. ಧನುರ್ಮಾಸದ ಇಬ್ಬನಿಯಲ್ಲಿ ಕಾಯಿ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂದು ಹಳಬರು ಹೇಳುವರು. ಸಿಪ್ಪೆಯ ಮೇಲೆ ಒಸರುವ ಜಿಡ್ಡಿನಲ್ಲಿರುವ ಕೊಬ್ಬಿನಾಮ್ಲಗಳು ಆ ಸೊಗಡಿಗೆ ಕಾರಣವೆಂದು ರಸಾಯನಶಾಸ್ತ್ರಜ್ಞರು ಹೇಳುವರು. ಕಾರಣ ಯಾವುದಾದರೂ ಆಗಲಿ, ಬೆಳಿಗ್ಗೆ ಕಾಯಿ ಕಿತ್ತ ಕೈಯನ್ನು ಸಂಜೆ ಮೂಸಿದರೂ ಆ ಕಂಪು ಹೋಗಿರುವುದಿಲ್ಲ.

ಮನೆಯ ತೋಟದ ಫಲಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಬಾರದಿದ್ದರೆ ಬರುವುದೇ ಇಲ್ಲ. ಬಂದರೆ ಒಂದೇ ಸಲಕ್ಕೆ ಬರುತ್ತದೆ. ಐದು ಜನರ ಸಂಸಾರ ಎಷ್ಟು ಅವರೆಯನ್ನು ತಿಂದೀತು? ಉಪ್ಪಿಟ್ಟಿಗೆ ಹಾಕಿ, ಅಕ್ಕಿರೊಟ್ಟಿಗೆ ಹಾಕಿ, ಸಾರು ಮಾಡಿ, ಹುಳಿ ಮಾಡಿದರೂ ಮೊರದಲ್ಲಿ ಇನ್ನೂ ಉಳಿದಿರುತ್ತಿತ್ತು. ಆದುದರಿಂದ ತಾಯಿ ಕಿತ್ತ ಕಾಯನ್ನು ಮೂರು ಪಾಲು ಮಾಡುತ್ತಿದ್ದರು: ಒಲೆಗೊಂದು, ಗೋಡೆಗೊಂದು, ಮಣ್ಣಿಗೊಂದು. ಒಲೆಯದು ನಮ್ಮ ಅಡಿಗೆಗೆ. ಗೋಡೆಯದೆಂದರೆ ಗೋಡೆಯಾಚೆಯವರಿಗೆ. ಮಣ್ಣಿನದು ಬೀಜಕ್ಕೆ, ಚೆನ್ನಾಗಿ ಕಾಯಿಬಿಟ್ಟ ಬಳ್ಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಬಳ್ಳಿಯಲ್ಲೇ ಕಾಯಿ ಒಣಗಲು ಬಿಟ್ಟು, ಆಮೇಲೆ ಬೀಜವನ್ನು ಬೂದಿಯೊಡನೆ ಬೆರೆಸಿ, ಬೇವಿನೆಲೆ ಸೇರಿಸಿ ಕಟ್ಟಿಡುತ್ತಿದ್ದರು.

ಹಿದುಕುವ ದಿನವಂತೂ ನಮ್ಮ ಓಣಿಗೆ ಸಣ್ಣ ಹಬ್ಬ. ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಹಿತ್ತಿಲಿನಲ್ಲಿ ನಡುವೆ ಇಟ್ಟುಕೊಂಡು ಹೆಂಗಸರು ಸುತ್ತ ಕುಳಿತುಕೊಳ್ಳುವರು. ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಚಿಮ್ಮುತ್ತದೆ. ಒಬ್ಬರೇ ಮಾಡಿದರೆ ಬೇಸರದ ಕೆಲಸ. ನಾಲ್ವರು ಸೇರಿದರೆ ಮಾತಿಗೆ ನೆಪ. ನಾವು ಹಿದುಕಿದ ಬೇಳೆಯೆನ್ನುವುದನ್ನು ಎಡಮನೆಯವರು ‘ಪಿದುಕ್ಕು ಪರುಪ್ಪು’ ಎನ್ನುವರು. ಎದುರುಮನೆಯವರು ‘ಪಿತಿಕಿ ಪಪ್ಪು’ ಎನ್ನುವರು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಗಿದೆಯೆಂಬುದನ್ನು ಬಿಟ್ಟರೆ ಮೂರೂ ಒಂದೇ ಮಾತು. ಬಲಮನೆಯ ಖಾಲಾ ಮಾತ್ರ ಈ ಮೂರು ಹೆಸರುಗಳಲ್ಲಿ ಯಾವುದು ಮೊದಲು ಕಿವಿಗೆ ಬಿದ್ದರೆ ಅದನ್ನೇ ಬಳಸುತ್ತಿದ್ದರು. ಅವರು ಅದನ್ನು ಮಾಂಸದೊಡನೆ ಬೇಯಿಸುತ್ತಿದ್ದರು. ನಮ್ಮ ತಾಯಿ ಅದನ್ನು ಎಂದೂ ತಿಂದವರಲ್ಲ, ಆದರೆ ಅದಕ್ಕೆ ಎಷ್ಟು ಬೇಳೆ ಬೇಕೆಂಬುದನ್ನು ಖಾಲಾ ಕೇಳದೆಯೇ ಅಳೆದುಕೊಡುತ್ತಿದ್ದರು.

ರಂಜಾನ್ ತಿಂಗಳು ಚಾಂದ್ರಮಾನದ್ದಾದ ಕಾರಣ ಪ್ರತಿ ವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಮೂವತ್ತಮೂರು ವರ್ಷಗಳಿಗೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 1998ರಿಂದ 2000ದವರೆಗಿನ ಮೂರು ಚಳಿಗಾಲಗಳಲ್ಲಿ ಅದು ನಮ್ಮ ಅವರೆಯ ಕಾಲಕ್ಕೆ ಸರಿಯಾಗಿ ಬಂದಿತ್ತು. ಆ ಸಂಜೆಗಳಲ್ಲಿ ಸೂರ್ಯ ಮುಳುಗುವುದಕ್ಕೆ ಮೊದಲು ಗೋಡೆಯ ಮೇಲಿಂದ ಬೇಳೆಯ ಬಟ್ಟಲು ಆಚೆಗೆ ಹೋಗುತ್ತಿತ್ತು. ಅದೇ ಬಟ್ಟಲಿನಲ್ಲಿ ಖರ್ಜೂರವೋ ಹಣ್ಣೋ ಈಚೆಗೆ ಬರುತ್ತಿತ್ತು. ಬಟ್ಟಲನ್ನು ಬರಿದಾಗಿ ಹಿಂತಿರುಗಿಸಬಾರದೆಂಬ ಶಾಸ್ತ್ರವನ್ನು ಎರಡು ಮನೆಯವರೂ ಯಾರಿಂದಲೂ ಕಲಿತದ್ದಲ್ಲ.

ನಾಲ್ಕು ವರ್ಷಗಳ ಹಿಂದೆ ಭಾದ್ರಪದದಲ್ಲಿ ತಾಯಿ ತೀರಿಕೊಂಡರು. ಅವರು ಮೃಗಶಿರೆಯಲ್ಲಿ ಬಿತ್ತಿದ ಅವರೆ ಆಗ ಗೋಡೆಯ ಮೇಲೇರಿತ್ತು. ಆ ಚಳಿಗಾಲ ಎಂದೂ ಇಲ್ಲದಷ್ಟು ಕಾಯಿ ಬಿಟ್ಟಿತು. ಮನೆಯಲ್ಲಿ ಆಗಲೇ ದೊಡ್ಡದೊಂದು ಶೀತಪೆಟ್ಟಿಗೆ ಬಂದಿತ್ತು. ಬೇಳೆಯನ್ನು ಹಿದುಕಿ ಪೊಟ್ಟಣ ಕಟ್ಟಿ ಅದರಲ್ಲಿಟ್ಟರೆ ಆಷಾಢದಲ್ಲಿಯೂ ಅವರೆಯ ಸಾರು ಉಣ್ಣಬಹುದೆಂದು ನಾನು ಲೆಕ್ಕ ಹಾಕಿದೆ. ದುಃಖದ ಮನೆಯಲ್ಲಿ ನಾಲ್ಕು ಜನರನ್ನು ಕರೆದು ಕೂರಿಸುವುದಕ್ಕೂ ಮನಸ್ಸು ಬರಲಿಲ್ಲವೆಂಬುದು ನಿಜ. ಆದರೆ ಅದನ್ನೇ ಕಾರಣವೆಂದು ಹೇಳಿದರೆ ಅರ್ಧ ಸುಳ್ಳಾದೀತು. ಇನ್ನರ್ಧ ಬರಿಯ ಆಸೆ. ತಾಯಿ ನೆಟ್ಟ ಕೊನೆಯ ಬಳ್ಳಿಯ ಕಾಯಿ ಎಲ್ಲವೂ ನನ್ನದೇ ಆಗಿರಲಿ ಎನ್ನಿಸಿತು. ನಾನೂ ನನ್ನ ಹೆಂಡತಿಯೂ ರಾತ್ರಿ ಬಾಗಿಲು ಹಾಕಿಕೊಂಡು ಹಿದುಕಿದೆವು. ಕೆಂಪು ಬಟ್ಟೆ ಕಟ್ಟಬೇಕಾದ ಬಳ್ಳಿಯ ಕಾಯನ್ನೂ ಬಿಡಲಿಲ್ಲ. ತಾಯಿಯವರ ಬೀಜದ ಡಬ್ಬ ಹೇಗೂ ಇದೆಯಲ್ಲ ಎಂದುಕೊಂಡೆ.

ಸಂಕ್ರಾಂತಿ ಕಳೆದು ಒಂದು ದಿನ ಖಾಲಾ ಬಾಗಿಲಿಗೆ ಬಂದರು. ಎಂಬತ್ತರ ಸಮೀಪದ ಮುದುಕಿ. ಗೋಡೆ ಹಿಡಿದು ನಡೆಯುವವರು.

“ಏನಪ್ಪಾ, ಈ ಸಲ ಅವರೆ ಆಗ್ಲಿಲ್ವಾ?”

“ಅಷ್ಟಾಗಿ ಆಗಲಿಲ್ಲ ಖಾಲಾ. ಹುಳು ಹಿಡಿಯಿತು” ಎಂದೆ.

ನಮ್ಮಿಬ್ಬರ ಮನೆಗಳ ನಡುವಿನ ಗೋಡೆಯ ಎತ್ತರ ಐದು ಅಡಿ. ಅದರ ಮೇಲೆ ಎರಡು ತಿಂಗಳು ಕಾಯಿ ತೂಗಾಡಿದ್ದನ್ನು ಅವರು ಕಾಣದಿರುವುದು ಸಾಧ್ಯವೇ ಇರಲಿಲ್ಲ. ಅವರು ಒಂದು ಕ್ಷಣ ನನ್ನ ಮುಖವನ್ನು ನೋಡಿ, “ಹೌದಪ್ಪಾ, ಮಳೆ ಜಾಸ್ತಿ ಆಯ್ತು. ಅದಕ್ಕೇ ಹುಳು” ಎಂದು ಹಿಂತಿರುಗಿದರು. ನನ್ನ ಸುಳ್ಳಿಗೆ ಬೇಕಾದ ಕಾರಣವನ್ನು ಅವರೇ ಒದಗಿಸಿಕೊಟ್ಟು ಹೋದರು. ಆ ವರ್ಷದ ರಂಜಾನ್ ಹಬ್ಬದ ದಿನ ಅವರ ಮನೆಯಿಂದ ಶೀರ್ ಖುರ್ಮಾ ಎಂದಿನಂತೆಯೇ ಬಂತು. ಬಟ್ಟಲಿನಲ್ಲಿ ಹಾಕಿ ಕಳುಹಿಸುವುದಕ್ಕೆ ನಮ್ಮಲ್ಲಿ ಅಂಗಡಿಯ ಬಾಳೆಹಣ್ಣಿತ್ತು.

ಆಷಾಢದಲ್ಲಿ ಅವರೆಯ ಸಾರನ್ನೂ ಉಂಡೆವು. ಬೇಳೆ ಕೆಟ್ಟಿರಲಿಲ್ಲ; ಮೆತ್ತಗೆ ಬೆಂದಿತ್ತು. ಆದರೆ ಸೊಗಡಿರಲಿಲ್ಲ. ಊಟದ ನಡುವೆ ಯಾರೂ ಅದರ ಮಾತೆತ್ತಲಿಲ್ಲ.

ಅದಕ್ಕೆ ಸ್ವಲ್ಪ ಮೊದಲು, ಮೃಗಶಿರೆ ಹುಟ್ಟಿದಾಗ, ಬೀಜದ ಡಬ್ಬವನ್ನು ತೆರೆದಿದ್ದೆ. ಒಳಗಿದ್ದದ್ದು ತೂತುಬಿದ್ದ ಕಾಳು ಮತ್ತು ಹಿಟ್ಟು. ಪ್ರತಿ ವರ್ಷವೂ ಅದರಲ್ಲಿ ಹೊಸ ಬೂದಿ, ಹೊಸ ಬೇವು ಹಾಕುತ್ತಿದ್ದ ಕೈ ಆ ವರ್ಷ ಇರಲಿಲ್ಲವೆಂಬುದು ನನಗೆ ಹೊಳೆದಿರಲೇ ಇಲ್ಲ. ಹಿದುಕಿದ ಬೇಳೆಯ ಪೊಟ್ಟಣಗಳು ಬೇಕಾದಷ್ಟಿದ್ದವು. ಆದರೆ ಸಿಪ್ಪೆ ಕಳೆದ ಬೇಳೆಯನ್ನು ಬಿತ್ತಿ ಬೆಳೆದವರುಂಟೆ? ಅಂಗಡಿಯಿಂದ ಬೀಜ ತಂದೆ. ಅದು ಹಗಲಿನ ಅಳತೆಯ ಹಂಗಿಲ್ಲದೆ ಎಲ್ಲ ಕಾಲದಲ್ಲಿಯೂ ಹೂ ಬಿಡುವ ಗಿಡ್ಡ ಜಾತಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ‘ಹೆಬ್ಬಾಳ ಅವರೆ’ಯೆಂಬ ಹೆಸರಿನಲ್ಲಿ ಇಂಥ ತಳಿಗಳನ್ನು ಸಿದ್ಧಪಡಿಸಿ ರೈತರಿಗೆ ಮಹೋಪಕಾರ ಮಾಡಿದ್ದಾರೆ, ವರ್ಷವೆಲ್ಲ ಮಾರುಕಟ್ಟೆಗೆ ಅವರೆ ಬರುವುದು ಇದರಿಂದಲೇ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ನನಗೆ ಬೇಕಾಗಿದ್ದುದು ಅವರೆಯಲ್ಲ, ಆ ಅವರೆ. ಪೊಟ್ಟಣವನ್ನು ಬಿಚ್ಚದೆ ಕಿಟಕಿಯಲ್ಲಿಟ್ಟೆ.

ಬರಿದಾದ ನೆಲವನ್ನು ಕಂಡು ಮಗ, “ಹೇಗೂ ಏನೂ ಹಾಕಿಲ್ಲವಲ್ಲ ಅಣ್ಣ, ಸಿಮೆಂಟು ಹಾಕಿಸಿಬಿಟ್ಟರೆ ಎರಡು ಗಾಡಿ ನಿಲ್ಲುತ್ತವೆ” ಎಂದನು. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ಹಿತ್ತಿಲಿನ ವರ್ಷದ ಫಲವನ್ನೆಲ್ಲ ಮಾರುಕಟ್ಟೆಯ ಬೆಲೆ ಕಟ್ಟಿ ಕೂಡಿದರೂ ಗಾಡಿ ನಿಲ್ಲಿಸುವ ಜಾಗದ ಬಾಡಿಗೆಗೆ ಸಮನಾಗದು. ನಾನೇ ಕಾಗದದ ಮೇಲೆ ಬರೆದು ನೋಡಿದ್ದೆ. ಗಾರೆಯವನು ಬಂದು ಅಳೆದುಕೊಂಡು ಹೋದನು.

ಅಳೆಯುವ ಮಾತು ಗೋಡೆಯಾಚೆ ಕೇಳಿರಬೇಕು. ಮಾರನೆಯ ಬೆಳಿಗ್ಗೆ ಖಾಲಾ ಮತ್ತೆ ಬಂದರು. ಸೆರಗಿನ ಮರೆಯಿಂದ ಒಂದು ಹಳೆಯ ಬಟ್ಟೆಯ ಗಂಟನ್ನು ತೆಗೆದು ನನ್ನ ಕೈಯಲ್ಲಿಟ್ಟರು. ಬಿಚ್ಚಿದರೆ ಬೂದಿ, ಒಣಗಿದ ಬೇವಿನೆಲೆ, ನಡುವೆ ಒಂದು ಹಿಡಿ ಅವರೆಯ ಬೀಜ.

“ನಿಮ್ಮಮ್ಮ ಕೊಟ್ಟಿದ್ದು. ಪ್ರತಿ ವರ್ಷ ಕೊಡ್ತಿದ್ರು. ನಮ್ಮನೇಲಿ ಮಣ್ಣೆಲ್ಲಿದೆ ಅಕ್ಕಾ, ನಾನೆಲ್ಲಿ ಹಾಕ್ಲಿ ಅಂತಿದ್ದೆ. ಹಾಕೋಕಲ್ಲ, ಇಟ್ಕೊಂಡಿರು, ನಮ್ಮದು ಹಾಳಾದ್ರೆ ಕೇಳ್ತೀನಿ ಅಂತಿದ್ರು. ಹೊಸದು ಬಂದ ಮೇಲೆ ಹಳೇದನ್ನ ಬೇಯಿಸ್ತಿದ್ದೆ. ಈ ಸಲ ಹೊಸದು ಬರ್ಲಿಲ್ಲ ನೋಡು, ಅದಕ್ಕೆ ಬೇಯಿಸ್ದೆ ಇಟ್ಟಿದ್ದೆ.”

ಸಂಕ್ರಾಂತಿಯ ಮೇಲೆ ಅವರು ಬಂದದ್ದು ಯಾವುದಕ್ಕೆಂಬುದು ನನಗೆ ಆಗ ತಿಳಿಯಿತು. ಬೇಳೆಯನ್ನು ಕೇಳುವುದಕ್ಕಲ್ಲ, ಗಂಟಿನ ಬೀಜವನ್ನು ಬದಲಾಯಿಸಿಕೊಳ್ಳುವುದಕ್ಕೆ. ಆ ದಿನ ನಾನು ನಿಜ ಹೇಳಿದ್ದರೆ ಬಹುಶಃ ಅವರೇ ನೆನಪು ಮಾಡಿ ಬೀಜಕ್ಕೆ ಕಾಯಿ ಬಿಡಿಸುತ್ತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ. “ಮಳೆ ಬರೋ ಹಾಗಿದೆ, ಬೇಗ ಹಾಕು” ಎಂದು ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

ಗಾರೆಯವನಿಗೆ ಬರಬೇಡವೆಂದು ಹೇಳಿಕಳುಹಿಸಿದೆವು. ನಲವತ್ತು ಬೀಜ ಊರಿದೆ, ಮೂವತ್ತೊಂದು ಮೊಳೆತವು. ಒಂದೂವರೆ ವರ್ಷದ ಬೀಜಕ್ಕೆ ಅದು ಕಡಮೆಯಲ್ಲ. ಗಳು ನೆಟ್ಟು ಹಗ್ಗ ಕಟ್ಟಿದವನು ಮಗ. ಗಾಡಿಯನ್ನು ಅವನು ಈಗಲೂ ಓಣಿಯ ಕೊನೆಯಲ್ಲಿ ನಿಲ್ಲಿಸಿ ಗೊಣಗುತ್ತ ನಡೆದು ಬರುತ್ತಾನೆ.

ನಮ್ಮ ಊರಿಗೆ ಬೆಂದಕಾಳೂರೆಂದು ಹೆಸರಾದ ಕಥೆಯನ್ನು ಎಲ್ಲರೂ ಬಲ್ಲರು: ದಾರಿ ತಪ್ಪಿ ಬಂದ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳನ್ನು ಕೊಟ್ಟಳೆಂದು. ಬಲ್ಲಾಳನಿಗಿಂತ ಬಹು ಹಿಂದಿನ ಬೇಗೂರಿನ ವೀರಗಲ್ಲಿನಲ್ಲಿಯೇ ಬೆಂಗಳೂರೆಂಬ ಹೆಸರಿರುವುದರಿಂದ ಇದು ಚರಿತ್ರೆಯಲ್ಲವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ, ಅದು ಸರಿಯೇ. ಆದರೂ ಊರಿನವರು ತಮ್ಮ ಊರಿನ ಹುಟ್ಟಿಗೆ ಕಾರಣವನ್ನು ಹುಡುಕಿದಾಗ ಅವರಿಗೆ ತೋರಿದ್ದು ಕೋಟೆಯಲ್ಲ, ಕಾಳಗವಲ್ಲ, ಒಬ್ಬ ಮುದುಕಿ ಅಪರಿಚಿತನಿಗೆ ಕೊಟ್ಟ ಒಂದು ಹಿಡಿ ಕಾಳು. ಈ ಕಥೆಯನ್ನು ಹಿಂದೆ ನಾನು ಮಕ್ಕಳ ಕಥೆಯೆಂದು ಬಗೆದಿದ್ದೆ.

ಕಳೆದ ಚಳಿಗಾಲ ಹಿತ್ತಿಲಿನಲ್ಲಿ ಮತ್ತೆ ಹಿದುಕುವ ಕೂಟ ಸೇರಿತು. ಖಾಲಾ ಅವರಿಗೆ ಕಣ್ಣು ಮಂಜು, ಬೆರಳಿಗೆ ಮಂಜಿಲ್ಲ. ಎಡಮನೆಯ ಹುಡುಗಿ, ನನ್ನ ಸೊಸೆ, ಎದುರುಮನೆಯ ಅಕ್ಕ, ಎಲ್ಲರಿಗಿಂತ ಅವರ ಪಾತ್ರೆಯೇ ಮೊದಲು ತುಂಬಿತು. ಬೀಜದ ಗಂಟು ಈಗ ಒಂದಲ್ಲ, ಮೂರು, ಮೂರು ಮನೆಗಳಲ್ಲಿವೆ. ಪ್ರತಿ ಶಿವರಾತ್ರಿಯ ಮಾರನೆಯ ದಿನ ನಾನೇ ಹೋಗಿ ಹಳೆಯದನ್ನು ತೆಗೆಸಿ ಹೊಸದನ್ನು ಕೊಟ್ಟು ಬರುತ್ತೇನೆ.

ಮೊನ್ನೆ ಗೋಡೆಯಾಚೆಯಿಂದ ಖಾಲಾ, ರಂಜಾನ್ ಮತ್ತೆ ಅವರೆಯ ಕಾಲಕ್ಕೆ ಯಾವಾಗ ಬರುವುದೆಂದು ಕೇಳಿದರು. ಲೆಕ್ಕ ಹಾಕಿ ನೋಡಿದೆ. 2030ರಲ್ಲಿ ಅದು ಜನವರಿಯ ಮೊದಲಲ್ಲೊಮ್ಮೆ, ಡಿಸೆಂಬರಿನ ಕೊನೆಯಲ್ಲೊಮ್ಮೆ, ಎರಡು ಬಾರಿ ಮೊದಲಾಗುತ್ತದೆ. ಹಾಗೆಂದು ಹೇಳಿದೆ. ಅವರು ಬೆರಳೆಣಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ವರ್ಷ ಜಾಸ್ತಿ ಹಾಕು” ಎಂದರು.